ಜಲ್ಲಿಯ ಗಾತ್ರ ಮತ್ತು ಕಾಂಕ್ರೀಟಿನ ಬಲ
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಮನೆಯ ಸ್ಲ್ಯಾಬಿಗೂ, ಗಜನಿ ಕಟ್ಟೆಯ ತೂಬಿಗೂ, ತೋಟದ ಟಾಕಿಗೂ ಈಗ ಕಾಂಕ್ರೀಟು ಬೇಕು. ಸಿಮೆಂಟಿನ ಬೆಲೆಯನ್ನು ನಾಲ್ಕು ಕಡೆ ವಿಚಾರಿಸುವ ನಾವು ಜಲ್ಲಿಯನ್ನು ಮಾತ್ರ ಲಾರಿಯಲ್ಲಿ ಬಂದಂತೆ ಇಳಿಸಿಕೊಳ್ಳುತ್ತೇವೆ. ಇದು ಸರಿಯಲ್ಲ.

ದೊಡ್ಡ ಜಲ್ಲಿಯೇ ಗಟ್ಟಿ ಎಂದು ಕೆಲವರು, ಸಣ್ಣದೇ ಗಟ್ಟಿ ಎಂದು ಕೆಲವರು ಹೇಳುವುದುಂಟು. ಎರಡರಲ್ಲೂ ಅರ್ಧ ಸತ್ಯವಿದೆ. ಒಂದು ಬುಟ್ಟಿ ತೆಂಗಿನಕಾಯಿಗೆ ಬಣ್ಣ ಬಳಿಯುವುದಕ್ಕಿಂತ ಒಂದು ಬುಟ್ಟಿ ಅಡಿಕೆಗೆ ಬಳಿಯಲು ಹೆಚ್ಚು ಬಣ್ಣ ಬೇಕಲ್ಲವೇ? ಹಾಗೆಯೇ ಸಣ್ಣ ಜಲ್ಲಿಯ ಮೈಗೆಲ್ಲ ಪಾಕ ಹತ್ತಲು ಸಿಮೆಂಟೂ ನೀರೂ ಹೆಚ್ಚು ಬೇಕು. ಸಿಮೆಂಟು ಅಷ್ಟೇ ಇಟ್ಟು ನೀರು ಮಾತ್ರ ಹೆಚ್ಚಿಸಿದರೆ ಬಲ ಕುಗ್ಗುತ್ತದೆ. ಇದನ್ನು 1918ರಲ್ಲಿ ಅಮೆರಿಕದ ಡಫ್ ಅಬ್ರಾಮ್ಸ್ ಎಂಬವರು ತೋರಿಸಿಕೊಟ್ಟರು.

ದೊಡ್ಡ ಜಲ್ಲಿಯ ಕೇಡು ಬೇರೆ. ಅದರ ಅಡಿಯಲ್ಲಿ ನೀರು ತಂಗಿ, ಆರಿದ ಮೇಲೆ ಪೊಳ್ಳು ಉಳಿಯುತ್ತದೆ. ಬಿರುಕು ಅಲ್ಲಿಂದಲೇ ಹೊರಡುತ್ತದೆ. ಸರಳುಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ಕೆಳಗೆ ಜೇನುಗೂಡಿನಂಥ ತೂತುಗಳಾಗುತ್ತವೆ. ಕಡಲಗಾಳಿಯ ಉಪ್ಪೂ ಮಳೆನೀರೂ ಅಲ್ಲಿ ಇಳಿದು ಸರಳಿಗೆ ತುಕ್ಕು ಹಿಡಿಸುತ್ತವೆ. ತುಕ್ಕಿನ ಸರಳು ಉಬ್ಬಿ ಸ್ಲ್ಯಾಬಿನ ಚೆಕ್ಕೆ ಕಳಚಿ ಬೀಳುತ್ತದೆ. ಅದರ ಕೆಳಗೆ ಮಲಗುವವರು ನಮ್ಮ ಮಕ್ಕಳೇ.

ಹಾಗಾದರೆ ಅಳತೆ ಯಾವುದು? ಜಲ್ಲಿ ಕೆಲಸದ ದಪ್ಪದ ಕಾಲು ಪಾಲನ್ನು ಮೀರಬಾರದು. ಸರಳುಗಳು ಒತ್ತಾಗಿರುವಲ್ಲಿ ಅವುಗಳ ಸಂದಿಗಿಂತ 5 ಮಿ.ಮೀ. ಸಣ್ಣದಿರಬೇಕು. 100 ಮಿ.ಮೀ. ದಪ್ಪದ ಸ್ಲ್ಯಾಬಿಗೆ 20 ಮಿ.ಮೀ. ಜಲ್ಲಿ ತಕ್ಕದ್ದು. ಸರಳಿಲ್ಲದ ದಪ್ಪ ಅಡಿಪಾಯಕ್ಕೆ 40 ಮಿ.ಮೀ. ಆಗುತ್ತದೆ, ತೆಳುವಾದ ಜಾಲರಿಗೆ 10 ಮಿ.ಮೀ. ಸಾಕು. 20ರ ಜೊತೆ 10ರ ಜಲ್ಲಿ ಬೆರೆಸಿದರೆ ಸಂದುಗಳು ತುಂಬಿ ಸಿಮೆಂಟು ಉಳಿಯುತ್ತದೆ.

ನಮ್ಮ ಚಿರೆಕಲ್ಲು ಗೋಡೆಗೆ ಒಳ್ಳೆಯದು. ಅದರ ಚೂರು ನೀರು ಹೀರುವುದರಿಂದ ಸ್ಲ್ಯಾಬಿಗೆ ಬೇಡ, ಕರಿಕಲ್ಲಿನ ಜಲ್ಲಿಯೇ ಇರಲಿ. ಜಲ್ಲಿಗೆ ಹತ್ತಿದ ಮಣ್ಣು, ಧೂಳು ತೊಳೆಯಿರಿ. ಕಡಲ ದಂಡೆಯ ಉಪ್ಪು ಹೊಯ್ಗೆಯನ್ನು ಸರಳಿನ ಕೆಲಸಕ್ಕೆ ಮುಟ್ಟಬೇಡಿರಿ. 50 ಕಿಲೋ ಚೀಲಕ್ಕೆ ಹೊಯ್ಗೆಯ ತೇವವೂ ಸೇರಿ ಸುಮಾರು 22 ಲೀಟರು ನೀರು ಸಾಕು. ಕನಿಷ್ಠ 10 ದಿನ ಒದ್ದೆಯಾಗಿಡಿರಿ. ಸರಳಿನ ಲೆಕ್ಕವನ್ನು ಎಂಜಿನಿಯರರಿಂದಲೇ ಹಾಕಿಸಿರಿ.

ಉಪ್ಪುಗಾಳಿಯ ನಾಡಿನಲ್ಲಿ ಕಾಂಕ್ರೀಟು ನಿಲ್ಲದೆಂದು ಅಂಜಬೇಕಿಲ್ಲ. ಹೊನ್ನಾವರದಲ್ಲಿ ಶರಾವತಿಯ ಮೇಲೆ 2 ಕಿ.ಮೀ.ಗೂ ಉದ್ದವಾದ ಸೇತುವೆ ನಿಂತಿದೆ. ಕೊಂಕಣ ರೈಲುಮಾರ್ಗ ಪೂರ್ತಿ ತೆರೆದ 1998ರಿಂದ ಅದರ ಮೇಲೆ ಗಾಡಿಗಳು ಓಡುತ್ತಿವೆ. ನಮ್ಮ ಕೆಲಸ ಚಿಕ್ಕದಾದರೂ ಅಳತೆ ತಪ್ಪಬಾರದು. ಮುಂದಿನ ಸಲ ಲಾರಿ ಬಂದಾಗ, ಇಳಿಸುವ ಮೊದಲು ಒಂದು ಬೊಗಸೆ ಜಲ್ಲಿಯನ್ನು ಅಳತೆಪಟ್ಟಿಯ ಮೇಲಿಟ್ಟು ನೋಡಿರಿ.