ಕಾಲಕ್ಕೆ ತಕ್ಕ ಹೂವು

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ನಸುಕಿನಲ್ಲಿ ಹೋದರೆ ಯಾವ ತಿಂಗಳಲ್ಲೂ ಹೂವಿಗೆ ಬರವಿಲ್ಲ. ಆದರೆ ರಾಶಿಯ ಬಣ್ಣ, ವಾಸನೆ ಮಾತ್ರ ತಿಂಗಳು ತಿಂಗಳಿಗೂ ಬೇರೆ. ಮಾಘ ಕಳೆಯುವಾಗ ದವನ, ಬೇಸಿಗೆಗೆ ಮಲ್ಲಿಗೆ, ದಸರಾ ಹೊತ್ತಿಗೆ ಸೇವಂತಿಗೆ, ಚಳಿ ಹಿಡಿದಾಗ ಡಿಸೆಂಬರ್ ಹೂವು. ಇಂಥದ್ದೇ ಹೂವು ಬೇಕೆಂದು ಮನೆಯಲ್ಲೇ ಗಟ್ಟಿ ಮಾಡಿಕೊಂಡು ಹೊರಡುವ ಬದಲು, ಅಂದು ರಾಶಿ ಬಿದ್ದಿರುವುದನ್ನು ನೋಡಿ ಕೊಂಡರೆ ದುಡ್ಡೂ ಉಳಿಯುತ್ತದೆ, ಹೂವೂ ಬಾಳುತ್ತದೆ. ಹೇಗೆಂದು ನೋಡೋಣ.

ಸೇವಂತಿಗೆ ಗಿಡ ಇರುಳಿನ ಅಳತೆ ಬಲ್ಲದು. ಮಳೆಗಾಲ ಮುಗಿಯುತ್ತಾ ರಾತ್ರಿಗಳು ಉದ್ದವಾದಂತೆ ತಾನಾಗಿ ಮೊಗ್ಗು ಕಟ್ಟುತ್ತದೆ. ಇದನ್ನು ತಿಳಿದ ಬೆಳೆಗಾರರು ಹೂವನ್ನು ತಡ ಮಾಡಬೇಕೆಂದರೆ ರಾತ್ರಿ ಹೊಲದಲ್ಲಿ ಸಾಲಾಗಿ ಬಲ್ಬು ಉರಿಸುತ್ತಾರೆ. ಇರುಳು ತುಂಡಾದರೆ ಗಿಡ ಮೊಗ್ಗು ಬಿಡದೆ ಬೆಳೆಯುತ್ತಲೇ ಹೋಗುತ್ತದೆ. ಜಾಣ ಉಪಾಯವೇ ಸರಿ. ಆದರೆ ಆ ಕರೆಂಟಿನ ಖರ್ಚನ್ನೂ ಕೊನೆಗೆ ಹೂವೇ ದುಡಿದು ತರಬೇಕು.

ಮಲ್ಲಿಗೆಗೆ ಬೇಕಾದದ್ದು ಬಿಸಿಲು. ಮಾರ್ಚ್ ಬಂತೆಂದರೆ ಗಿಡದ ತುಂಬ ಮೊಗ್ಗು. ಚಳಿಯಲ್ಲಿ ಬೊಗಸೆ ತುಂಬುವುದೂ ಕಷ್ಟ. ಮೈಸೂರು, ಹಡಗಲಿ, ಉಡುಪಿಯ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಉಡುಪಿ ಮಲ್ಲಿಗೆಯ ಕೇಂದ್ರ ಶಂಕರಪುರ. ಸುತ್ತಲಿನ ಮನೆಯಂಗಳಗಳಲ್ಲಿ ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಸುಗ್ಗಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಅಟ್ಟೆ ಅಭಾವದ ದಿನಗಳಲ್ಲಿ ಸಾವಿರ ದಾಟುವುದುಂಟು.

ಇನ್ನು ಹೂವು ದೂರದಿಂದ ಬರುವ ಮಾತು. ಕೊಯ್ದ ಮೇಲೂ ಹೂವು ಉಸಿರಾಡುತ್ತಲೇ ಇರುತ್ತದೆ. ಬೇರಿನಿಂದ ನೀರಿಲ್ಲ, ಎಲೆಯಿಂದ ಆಹಾರವಿಲ್ಲ; ದಳದೊಳಗೆ ಇದ್ದ ಸಕ್ಕರೆಯಷ್ಟೇ ಬಂಡವಾಳ. ಸೆಕೆ ಹೆಚ್ಚಿದಷ್ಟೂ ಅದು ಬೇಗ ಖಾಲಿ. ಅದಕ್ಕೇ ವಿಮಾನದಲ್ಲಿ ಬರುವ ಆರ್ಕಿಡ್‌ಗೆ ದಾರಿಯುದ್ದಕ್ಕೂ ತಂಪು ಬೇಕು. ನಸುಕಿನಲ್ಲಿ ಕೊಯ್ದ ಮಲ್ಲಿಗೆ ಮೊಗ್ಗಂತೂ ಸಂಜೆಗೇ ಅರಳುತ್ತದೆ. ಅದರ ಆಯುಸ್ಸೇ ಒಂದು ದಿನ. ಕನಕಾಂಬರಕ್ಕೆ ಪರಿಮಳವಿಲ್ಲ, ಆದರೆ ಬೇಗ ಬಾಡುವುದಿಲ್ಲ. ಹಾಗಾಗಿ ತುಸು ದೂರದ ಪ್ರಯಾಣವನ್ನೂ ತಡೆದುಕೊಳ್ಳುತ್ತದೆ.

ಕೊಳ್ಳುವಾಗ ಕೈಗೂ ಕಣ್ಣಿಗೂ ಸ್ವಲ್ಪ ಕೆಲಸ ಕೊಡಿ. ಸೇವಂತಿಗೆಯನ್ನು ಮಗುಚಿ ನೋಡಿ: ತೊಟ್ಟಿನ ಬಳಿ ಹಸಿರಿದ್ದರೆ ತಾಜಾ, ಕಂದಿದ್ದರೆ ಹಳತು. ಮೆಲ್ಲಗೆ ಕೊಡವಿದಾಗ ಎಸಳು ಉದುರಿದರೆ ಬೇಡ. ಸುಗಂಧರಾಜ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುವ ಹೂವು. ಹೂದಾನಿಗೆ ಬೇಕಾದರೆ ಕೆಳಗಿನ ಒಂದೆರಡು ಹೂ ಮಾತ್ರ ಬಿರಿದು, ಮೇಲಿನ ಮೊಗ್ಗು ಗಟ್ಟಿಯಾಗಿರುವ ಕಡ್ಡಿಯನ್ನೇ ಆರಿಸಿ. ಮನೆಗೆ ತಂದು ಕಡ್ಡಿಯ ಬುಡವನ್ನು ಓರೆಯಾಗಿ ಕತ್ತರಿಸಿ, ನೀರಲ್ಲಿ ಮುಳುಗುವ ಎಲೆ ತೆಗೆದು, ದಿನಾ ನೀರು ಬದಲಿಸಿದರೆ ಹಲವು ದಿನ ಅರಳುತ್ತಿರುತ್ತದೆ.

ಕಾಲದ ಹೂವು ಎಂದ ಮಾತ್ರಕ್ಕೆ ಯಾವಾಗಲೂ ಅಗ್ಗ ಎಂದಲ್ಲ. ಆಯುಧಪೂಜೆಯ ಹಿಂದಿನ ದಿನ ಚೆಂಡುಹೂವಿನ ಬೆಲೆ ಕೇಳುವಂತಿಲ್ಲ. ಹಬ್ಬ ಮುಗಿದ ಮೇಲೆ ಅದನ್ನೇ ಕೇಳುವವರಿಲ್ಲ. ಕೊಯ್ಲಿನ ಕೂಲಿಯೂ ಗಿಟ್ಟದೆ ರೈತರು ಮೂಟೆಗಟ್ಟಲೆ ರಸ್ತೆಬದಿಯಲ್ಲಿ ಸುರಿದು ಹೋಗುವುದನ್ನು ಪ್ರತಿವರ್ಷ ನೋಡುತ್ತೇವೆ. ಗಿಡವೇನು ಹಬ್ಬದ ದಿನಕ್ಕೆಂದೇ ಬಿಡುವುದಿಲ್ಲ, ಮುಂದೆಯೂ ವಾರಗಟ್ಟಲೆ ಬಿಡುತ್ತದೆ. ನಾವೂ ಹಬ್ಬಕ್ಕೆ ಮಾರುಗಟ್ಟಲೆ ಕೊಂಡು ಸುಮ್ಮನಾಗುವ ಬದಲು, ಮುಂದಿನ ವಾರಗಳಲ್ಲೂ ಒಂದೊಂದು ಮೊಳ ಕೊಳ್ಳುತ್ತಿದ್ದರೆ ನಮಗೂ ಹಗುರ, ಬೆಳೆದವರಿಗೂ ಆಸರೆ. ಹೂವಮ್ಮನ ಬುಟ್ಟಿಯ ಮುಂದೆ ನಿಂತಾಗ ಬೆಲೆಗೆ ಮೊದಲು ಕೇಳಬೇಕಾದ ಪ್ರಶ್ನೆ ಇದು: "ಇವತ್ತು ಯಾವೂರ ಹೂವು ಬಂದಿದೆ, ಅಮ್ಮ?" ಉತ್ತರದಲ್ಲಿ ಹತ್ತಿರದ ಊರೊಂದು ಬಂದರೆ ಬೆಲೆಯ ಮಾತಿಗೆ ತೊಡಗಬಹುದು.