ಪರದೇಶದ ಕೆಲಸ, ಪರದೇಶದ ಮಾತು

(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹೊಟ್ಟೆಪಾಡಿಗೆ ಪರದೇಶಕ್ಕೆ ಹೋದವನು ಅಲ್ಲಿನ ಭಾಷೆ ಕಲಿಯಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಕಲಿಸುವ ಹೊಣೆ ಯಾರದು, ಕಲಿಯಲು ಹೊತ್ತು ಕೊಡುವವರು ಯಾರು? ಇದನ್ನು ಕೇಳುವವರು ಕಡಿಮೆ.

ಎರಡನೆಯ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಯ ಕಾರ್ಖಾನೆಗಳಿಗೆ ಆಳು ಸಾಲದೆ ಬಂತು. ಸರ್ಕಾರ 1955ರಲ್ಲಿ ಇಟಲಿಯೊಡನೆ, 1961ರಲ್ಲಿ ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ತರಿಸಿತು. ‘ಅತಿಥಿ ಕೆಲಸಗಾರರು’ ಎಂದು ಹೆಸರು. ಅತಿಥಿಗಳ ಹಲ್ಲು, ಎದೆ, ಕಣ್ಣುಗಳನ್ನು ಇಸ್ತಾಂಬುಲಿನಲ್ಲೇ ವೈದ್ಯರು ಪರೀಕ್ಷಿಸುತ್ತಿದ್ದರು. ಸಂತೆಯಲ್ಲಿ ಎತ್ತು ನೋಡಿದ ಹಾಗೆ. ಒಂದೆರಡು ವರ್ಷ ದುಡಿದು ಮರಳುವವರಿಗೆ ಭಾಷೆ ಏಕೆ ಎಂಬುದು ಆಳುವವರ ಲೆಕ್ಕ. ವಸತಿಗೃಹದ ಒಂದೇ ಕೋಣೆಯಲ್ಲಿ ಹಲವರು, ಪಾಳಿ ಮುಗಿದರೆ ಮಾತೆಲ್ಲ ತಮ್ಮತಮ್ಮಲ್ಲೇ. ಏನಾದರೂ ಕೇಳಬೇಕಾದರೆ ದುಭಾಷಿ ಬೇಕು. ಬಹಳ ಕಡೆ ದುಭಾಷಿಗೆ ಸಂಬಳ ಕೊಡುವವನೂ ಧಣಿಯೇ!

ಭಾಷೆಯೇನು ಸುಲಭದ್ದಲ್ಲ. ಜರ್ಮನ್ನಿನಲ್ಲಿ ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ, ಹುಡುಗಿ ನಪುಂಸಕಲಿಂಗ. ಅಂಗಡಿಕಾರ ಮಿತ್ರರು ಗಮನಿಸಬೇಕು: ಇಪ್ಪತ್ತೊಂದನ್ನು ಅವರು ‘ಒಂದು ಮತ್ತು ಇಪ್ಪತ್ತು’ ಎನ್ನುತ್ತಾರೆ. ಕಿವಿ ಪಳಗುವ ತನಕ ಚಿಲ್ಲರೆ ಎಣಿಸುವುದೂ ಕಷ್ಟವೇ.

1972ರ ಕಾಯಿದೆಯಿಂದ ತುರ್ಕಿಗಳಿಗೂ ಕಾರ್ಖಾನೆಯ ಕಾರ್ಮಿಕ ಮಂಡಳಿಗೆ ನಿಲ್ಲುವ ಹಕ್ಕು ಬಂತು. ಆದರೆ ಮಂಡಳಿಯ ಮಾತೆಲ್ಲ ಜರ್ಮನ್ನಿನಲ್ಲಿ! 1973ರ ಆಗಸ್ಟಿನಲ್ಲಿ ಕಲೋನಿನ ಫೋರ್ಡ್ ಕಾರ್ಖಾನೆ, ರಜೆಯಿಂದ ತಡವಾಗಿ ಬಂದರೆಂದು ನೂರಾರು ತುರ್ಕಿಗಳನ್ನು ಕೆಲಸದಿಂದ ತೆಗೆಯಿತು. ಸಾವಿರಾರು ಜನ ಮುಷ್ಕರ ಹೂಡಿದರು. ತೆಗೆದವರನ್ನು ಮತ್ತೆ ಸೇರಿಸಿಕೊಳ್ಳಿ, ಗಂಟೆಗೆ 1 ಮಾರ್ಕ್ ಹೆಚ್ಚು ಕೊಡಿ, ಯಂತ್ರದ ಓಟ ತಗ್ಗಿಸಿ ಎಂದು ಕೇಳಿದರು. ಕಾರ್ಮಿಕ ಸಂಘ ಬೆನ್ನಿಗೆ ನಿಲ್ಲಲಿಲ್ಲ, ಜರ್ಮನ್ ಕೆಲಸಗಾರರಲ್ಲಿ ಹೆಚ್ಚಿನವರು ದೂರ ಸರಿದರು. ವಾರದಲ್ಲಿ ಮುಷ್ಕರ ಮುರಿಯಿತು. ಭಾಷೆಯೊಂದೇ ಕಾರಣವೆನ್ನಲಾರೆ. ಆದರೆ ಪಕ್ಕದ ಯಂತ್ರದವನ ಸಂಕಟ ಅರ್ಥವಾಗದಿದ್ದರೆ ಲಾಭ ಯಾರಿಗೆಂದು ಗಿರಣಿಯಲ್ಲಿ ದುಡಿಯುವ ನಿಮಗೆ ನಾನು ಹೇಳಬೇಕೆ?

ಅದೇ ನವೆಂಬರಿನಲ್ಲಿ ಆಳು ತರಿಸುವುದು ನಿಂತಿತು. ಉಳಿದವರು ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಅಲ್ಲೇ ನೆಲೆಸಿದರು. ದೇಶದಾದ್ಯಂತ ಕಾನೂನು ಪ್ರಕಾರ 600 ಪಾಠಗಳ ಭಾಷಾ ತರಗತಿ ಆರಂಭವಾದದ್ದು 2005ರಲ್ಲಿ. ಮೊದಲ ಒಪ್ಪಂದವಾಗಿ 50 ವರ್ಷ! ಅಷ್ಟರಲ್ಲಿ ಮೊದಲು ಬಂದವರ ತಲೆ ನೆರೆತಿತ್ತು. ‘ಇವರು ಭಾಷೆ ಕಲಿಯಲೊಲ್ಲರು’ ಎಂಬ ದೂರು ಮಾತ್ರ ಎಂದೋ ಹುಟ್ಟಿತ್ತು.

ಜರ್ಮನರೂ ನಮ್ಮಲ್ಲಿಗೆ ಬಂದು ಕನ್ನಡ ಕಲಿತರು. ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಯಿತು. ಕೈಮುಗಿಯಬೇಕಾದ ದುಡಿಮೆ. ಆದರೆ ಅವರಿಗೆ ಮಿಷನ್ನಿನ ಆಸರೆಯಿತ್ತು, ರಾತ್ರಿಪಾಳಿಯವನಿಗೆ ಏನಿದೆ?

ಈಗ ನಮ್ಮ ನರ್ಸ್ ಹೆಣ್ಣುಮಕ್ಕಳೂ ಜರ್ಮನಿಗೆ ಹೊರಡುತ್ತಿದ್ದಾರೆ. ಅವರು ಸಾಮಾನ್ಯವಾಗಿ ಬಿ-2 ಎಂಬ ಹಂತದವರೆಗೆ ಭಾಷೆ ಕಲಿಯಬೇಕು. ಕಲಿಕೆಯ ಖರ್ಚು ಯಾರದು, ನಡುವೆ ಕೆಲಸ ಬಿಟ್ಟರೆ ಹಣ ಹಿಂದೆ ಕೊಡಬೇಕೆ ಎಂಬುದನ್ನು ಒಪ್ಪಂದದ ಕಾಗದದಲ್ಲಿ ನೋಡಬೇಕು. ನಿಮ್ಮ ಮನೆಗೆ ಅಂಥ ಕಾಗದ ಬಂದರೆ ಸಹಿ ಹಾಕುವ ಮೊದಲು ಸಂಘದ ಕಚೇರಿಗೆ ತನ್ನಿ. ಸಂಜೆ ಆರರ ನಂತರ ಕನ್ನಡದಲ್ಲಿ ಓದಿ ಹೇಳುವವರು ಇರುತ್ತಾರೆ.