ಪುರಸ್ಕಾರದ ಫಲಕ ಮತ್ತು ಪ್ರವೇಶದ ಅರ್ಜಿ

(ಮುಂಬಯಿಯಲ್ಲಿ ನಡೆದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಶುಭ ಸಮಾರಂಭದಲ್ಲಿ ಲೆಕ್ಕದ ಮಾತು ಆಡಬಾರದೆಂದು ಬಲ್ಲೆ; ಆದರೆ ಕರೆದವರು ನೀವೇ. ಈ ಫಲಕದಿಂದ ಕಾಲೇಜಿನಲ್ಲಿ ಸೀಟು ದೊರೆಯಲು ಅನುಕೂಲವಾದೀತೇ, ಶುಲ್ಕದಲ್ಲಿ ರಿಯಾಯಿತಿ ಸಿಕ್ಕೀತೇ ಎಂದು ಪ್ರತಿವರ್ಷವೂ ಊಟದ ಪಂಕ್ತಿಯಲ್ಲಿ ಯಾರಾದರೂ ಕೇಳುತ್ತಾರೆ. ಅಲ್ಲಿ ಮೆಲ್ಲನೆ ಹೇಳುತ್ತಿದ್ದ ಉತ್ತರವನ್ನು ಇಂದು ಮೈಕಿನಲ್ಲಿ ಹೇಳುತ್ತೇನೆ: ಬಹುಮಟ್ಟಿಗೆ ಇಲ್ಲ.

ನಾವು ಗೌರವಿಸುವುದು ಬೋರ್ಡ್ ಪರೀಕ್ಷೆಯ ಶೇಕಡಾವಾರು ಅಂಕಗಳನ್ನು. ಕಾಲೇಜುಗಳು ಆ ಅಳತೆಗೋಲನ್ನು ಬಹುತೇಕ ಕೆಳಗಿಟ್ಟಿವೆ. ವೈದ್ಯಕೀಯಕ್ಕೆ ನೀಟ್, ಐಐಟಿಗೆ ಜೆಇಇ. ದೆಹಲಿ ವಿಶ್ವವಿದ್ಯಾಲಯ ಕೂಡ 2022ರಿಂದ ಸಿಯುಇಟಿ ಅಂಕವನ್ನೇ ನೋಡುತ್ತಿದೆ. ಐಐಟಿ, ಎನ್‌ಐಟಿಗಳಿಗೆ ಹನ್ನೆರಡನೆಯ ತರಗತಿಯ ಶೇ. 75 ಹೊಸ್ತಿಲು ಮಾತ್ರ. ಅದನ್ನು ದಾಟಿದ ಮೇಲೆ 76ಕ್ಕೂ 98ಕ್ಕೂ ಭೇದವಿಲ್ಲ. ಅಮೆರಿಕದ ಅನೇಕ ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಗೌರವಗಳಿಗೆಂದು 5 ಸಾಲುಗಳಿವೆ. ಅಲ್ಲಿ ಈ ಪುರಸ್ಕಾರವನ್ನು ಬರೆಯಿರಿ, ತಪ್ಪೇನಿಲ್ಲ. ಅದರಿಂದಲೇ ಬಾಗಿಲು ತೆರೆದೀತೆಂದು ಮಾತ್ರ ಭಾವಿಸಬೇಡಿ.

ಹಣದ ನೆರವಿನ ವಿಷಯ ಬೇರೆ. ಅಲ್ಲಿ ಅಂಕಕ್ಕೆ ಬೆಲೆಯಿದೆ, ಆದರೆ ಅಂಕದ ಪಕ್ಕದಲ್ಲಿ ಆದಾಯ ಪ್ರಮಾಣಪತ್ರ ಇರಬೇಕು. ಬೋರ್ಡ್ ಪರೀಕ್ಷೆಯಲ್ಲಿ 80ನೆಯ ಪರ್ಸೆಂಟೈಲ್‌ಗಿಂತ ಮೇಲಿದ್ದು, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ಮೀರದಿದ್ದರೆ ಕೇಂದ್ರದ ವಿದ್ಯಾರ್ಥಿವೇತನಕ್ಕೆ ಅರ್ಹತೆಯಿದೆ. ಪದವಿಗೆ ವರ್ಷಕ್ಕೆ 12,000 ರೂಪಾಯಿ. ಐಐಟಿಗಳಲ್ಲಿ ಆದಾಯ 1 ಲಕ್ಷದೊಳಗಿದ್ದರೆ ಪೂರ್ತಿ ಬೋಧನಾ ಶುಲ್ಕ, 1ರಿಂದ 5 ಲಕ್ಷದವರಿಗೆ ಮೂರನೆಯ ಎರಡು ಭಾಗ ಮನ್ನಾ. (ಗೃಹಸಾಲಕ್ಕೆಂದು ಆದಾಯವನ್ನು ಹಿಗ್ಗಿಸಿ ತೋರಿಸಿದ ವರ್ತಕ ಬಂಧುಗಳು ಈ ಘಟ್ಟದಲ್ಲಿ ನನ್ನ ಮೇಲೆ ಸಿಟ್ಟಾಗುತ್ತಾರೆ.)

ಎರಡು ವರ್ಷಗಳ ಹಿಂದೆ ನಮ್ಮವರೊಬ್ಬರು ಮಗಳ ಫಲಕ, ಶಾಲು, ಪ್ರಶಸ್ತಿಪತ್ರಗಳೊಡನೆ ಕಾಲೇಜಿನ ಕಚೇರಿಗೆ ಹೋದರು. ಅಲ್ಲಿಯ ಗುಮಾಸ್ತೆ ಸೌಜನ್ಯದಿಂದಲೇ ಎಲ್ಲವನ್ನೂ ಹಿಂದಿರುಗಿಸಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಕೇಳಿದರು. ಅದು ಕೈಗೆ ಬರುವಷ್ಟರಲ್ಲಿ ಕೊನೆಯ ದಿನಾಂಕ ಕಳೆದಿತ್ತು. ಆ ಹುಡುಗಿ ಕಡಿಮೆ ಶುಲ್ಕದ ಬೇರೊಂದು ಕೋರ್ಸಿಗೆ ಸೇರಿದಳು. ಅವಳನ್ನು ಸನ್ಮಾನಿಸಿದವರಲ್ಲಿ ನಾನೂ ಇದ್ದೆ. ಮನೆಯ ಪರಿಸ್ಥಿತಿ ಹೇಗಿದೆಯಮ್ಮಾ ಎಂದು ನಾನು ಕೇಳಿರಲಿಲ್ಲ.

2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಘೋಷಿಸಲಾಯಿತು. ಆ ಮನ್ನಣೆಯ ಫಲವನ್ನು ನಾವು ಪೂರ್ತಿ ಉಣ್ಣುವ ಮೊದಲೇ ಸರ್ಕಾರ ಕೈ ಹಿಂದೆಳೆಯತೊಡಗಿದೆ. 1ರಿಂದ 8ನೆಯ ತರಗತಿಯ ಅಲ್ಪಸಂಖ್ಯಾತ ವಿದ್ಯಾರ್ಥಿವೇತನ 2022–23ರಿಂದ ನಿಂತಿತು. ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪೂ 2022ರಲ್ಲೇ ರದ್ದಾಯಿತು. ನಮ್ಮ ಪತ್ರಿಕೆಗಳಲ್ಲಿ ಈ ಬಗ್ಗೆ ಬಂದ ಪ್ರತಿಭಟನೆಗಿಂತ ಸನ್ಮಾನದ ಛಾಯಾಚಿತ್ರಗಳೇ ಹೆಚ್ಚು.

ಇನ್ನು ನಮ್ಮದೇ ಲೆಕ್ಕ. ನಾನು ಪರಿಶೋಧಿಸಿದ ಒಂದು ಸಂಸ್ಥೆಯ ಖಾತೆಯಲ್ಲಿ ಸಭಾಂಗಣ, ಶಾಲು, ಹಾರ, ಫಲಕ, ಭೋಜನಗಳ ಒಟ್ಟು ವೆಚ್ಚ ಮಕ್ಕಳ ಕೈಸೇರಿದ ಮೊತ್ತವನ್ನು ಮೀರಿತ್ತು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓದುವವರ ಕೈಗೆ ಓಲೆಗರಿಯನ್ನೇ ಕೊಟ್ಟಳು. ಶಾಸ್ತ್ರದಾನವೆಂಬ ಮಾತನ್ನು ನಾವು ವೇದಿಕೆಯಲ್ಲಿ ಆಡುವಾಗ ಈ ಖಾತೆಯನ್ನೂ ನೆನೆಯಬೇಕು.

ಸಮಾರಂಭ ನಿಲ್ಲಲೆಂದು ನಾನು ಹೇಳುತ್ತಿಲ್ಲ. ಚಪ್ಪಾಳೆ ಮಕ್ಕಳಿಗೆ ಬೇಕು. ಆದರೆ ಶುಲ್ಕ ಕಟ್ಟುವುದು ಜೂನ್–ಜುಲೈಯಲ್ಲಿ, ನಾವು ಲಕೋಟೆ ಕೊಡುವುದು ಡಿಸೆಂಬರಿನಲ್ಲಿ. ಹಣವನ್ನು ಜೂನ್‌ನಲ್ಲಿ ನೇರವಾಗಿ ಕಾಲೇಜಿಗೆ ಕಟ್ಟೋಣ, ಯಾರಿಗೆ ಕಟ್ಟಿದೆವೆಂದು ವೇದಿಕೆಯಲ್ಲಿ ಸಾರದಿರೋಣ. 95 ಪಡೆದ ಅನುಕೂಲಸ್ಥರ ಮಗುವಿಗೆ ಫಲಕ ಸಾಕು. 72 ಪಡೆದ ಅಂಗಡಿ ನೌಕರನ ಮಗುವಿಗೆ ಶುಲ್ಕ ಬೇಕು.

ಮಹಾರಾಷ್ಟ್ರದ ಜೈನ ಅಲ್ಪಸಂಖ್ಯಾತ ಕಾಲೇಜುಗಳಲ್ಲಿ ಸೀಟುಗಳ ಒಂದು ಪಾಲು ಸಮುದಾಯಕ್ಕೆ ಮೀಸಲಿರುತ್ತದೆ. ಅಲ್ಲಿ ನೋಡುವುದು ಶಾಲೆ ಬಿಟ್ಟ ಪ್ರಮಾಣಪತ್ರದಲ್ಲಿ ಧರ್ಮದ ಕಲಮಿನಲ್ಲಿ ಏನು ಬರೆದಿದೆ ಎಂಬುದನ್ನು. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿರುವವರು ಶಾಲೆಯ ದಾಖಲೆಯನ್ನು ಈಗಲೇ ನೋಡಿಕೊಳ್ಳಿ. ಮಗು ಶಾಲೆಯಲ್ಲಿರುವಾಗ ತಿದ್ದಿಸುವುದು ಸುಲಭ. ಜನವರಿಯಿಂದ ಪ್ರತಿ ಶನಿವಾರ ಮಧ್ಯಾಹ್ನ ನಾನೂ ನನ್ನ ಇಬ್ಬರು ಸಹಾಯಕರೂ ಸಂಘದ ಕೋಣೆಯಲ್ಲಿ ಕುಳಿತಿರುತ್ತೇವೆ. ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ, ಆದಾಯದ ಕಾಗದಗಳನ್ನು ತನ್ನಿ. ಫಲಕವನ್ನು ಮನೆಯಲ್ಲೇ ಬಿಟ್ಟು ಬನ್ನಿ.